ಮಾಸ್ಟೊಡಾನ್ ಸರ್ವರ್ ಬದಲಿಸುವವರೇ, ಹಳೇ ಖಾತೆ ಡಿಲೀಟ್ ಮಾಡಬೇಡಿ

ದಯವಿಟ್ಟು ಪೂರ್ತಿ ಓದಿ. ಹಳೇ ಖಾತೆ ಡಿಲೀಟ್ ಮಾಡಬೇಡಿ. ಯಾರು ಎಷ್ಟೇ ಹೇಳಲಿ, ಮಾಡಬೇಡಿ.

ಮಾಸ್ಟೊಡಾನ್ ಅಂದರೆ ಟ್ವಿಟರ್ ಥರದ ಜಾಲತಾಣ, ಆದರೆ ಬೇರೆಬೇರೆಯವರು ನಡೆಸುವ ಸರ್ವರ್‌ಗಳಲ್ಲಿ ಹರಡಿಕೊಂಡಿದೆ; ಯಾವುದಾದರೂ ಒಂದು ಸರ್ವರ್‌ನಲ್ಲಿ ನಮ್ಮ ಖಾತೆ ಇರುತ್ತೆ. ನಾನು ತುಮಕೂರಿನವನು. ನಾಲ್ಕು ವರ್ಷದಿಂದ ಶಿರಾ ತಾಲ್ಲೂಕಿನ ಕಗ್ಗಲಡುವಿಗೆ ಹೋಗಿ, ಅಲ್ಲಿನ ಹುಣಸೆ ಮರಗಳಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳ ಬಗ್ಗೆ ಅಲ್ಲಿ, ನನ್ನ ಮಾಸ್ಟೊಡಾನ್ ಖಾತೆಯಲ್ಲಿ, ಬರೆಯುತ್ತಿದ್ದೆ. ಯಾವ ಮರದಲ್ಲಿ ಎಷ್ಟು ಗೂಡು, ಮರಿ ಯಾವತ್ತು ಕಾಣಿಸಿತು, ಊರಿನ ಅಜ್ಜಿ ಏನಂದರು, ಎಲ್ಲಾ ಫೋಟೋ ಕೆಳಗೇ ಬರೆಯುತ್ತಿದ್ದೆ. ಬೇರೆಲ್ಲೂ ಬರೆದಿಟ್ಟಿರಲಿಲ್ಲ.

ಹೋದ ತಿಂಗಳು ಒಬ್ಬರು ತಮ್ಮ ಸರ್ವರ್‌ಗೆ ಬನ್ನಿ ಅಂದರು. ವರ್ಷಕ್ಕೆ 1,500 ರೂಪಾಯಿ. ಹಳೇ ಪೋಸ್ಟ್‌ಗಳ ಕಥೆ ಏನು ಅಂತ ಕೇಳಿದ್ದೆ. ಕೇಳದೇ ಹೋದವನಲ್ಲ ನಾನು! "ಎರಡೂ ಕಡೆ ಆಕ್ಟಿವಿಟಿಪಬ್ ಅಣ್ಣ, ಒಂದೇ ಸ್ಟ್ಯಾಂಡರ್ಡ್. ಎಲ್ಲಾ ಬರುತ್ತೆ." ಆಕ್ಟಿವಿಟಿಪಬ್ ಅಂದರೆ ಸರ್ವರ್‌ಗಳು ಒಂದಕ್ಕೊಂದು ಮಾತಾಡುವ ನಿಯಮ. ನಂಬಿ ದುಡ್ಡು ಹಾಕಿದೆ. ಫಾಲೋವರ್‌ಗಳು ಬಂದರು. "ಹಳೇದು ತೆಗೆದುಬಿಡಿ ಅಣ್ಣ, ಎರಡೆರಡು ಇದ್ದರೆ ಜನಕ್ಕೆ ಗೊಂದಲ." ತೆಗೆದೆ.

ಎರಡು ದಿನ ಕಾದೆ. ನನ್ನ ಹೆಸರು, ನನ್ನ ಕೊಕ್ಕರೆ ಫೋಟೋ, ಕೆಳಗೆ ಪೋಸ್ಟ್ 0. ರಿಫ್ರೆಶ್ ಮಾಡಿದೆ. 0. ಫೋನ್ ಆಫ್ ಮಾಡಿ ಆನ್ ಮಾಡಿದೆ. 0.

ಮೆಸೇಜ್ ಮಾಡಿದೆ. "ಫಾಲೋವರ್ಸ್ ಬಂದಿದ್ದಾರಲ್ಲ ಸರ್?" ಅಣ್ಣ ಅನ್ನೋದು ಹೋಗಿ ಸರ್ ಬಂದಿತ್ತು. ಪೋಸ್ಟ್ ಎಲ್ಲಿ ಅಂದೆ. "ಪೋಸ್ಟ್ ಬರಲ್ಲ ಸರ್, ಅದು ಎಲ್ಲರಿಗೂ ಗೊತ್ತು." ಎಲ್ಲರಿಗೂ ಗೊತ್ತಿದ್ದರೆ ನನಗೆ ಯಾಕೆ ಹೇಳಲಿಲ್ಲ? ಎಲ್ಲಾ ಬರುತ್ತೆ ಅಂದಿದ್ದಿರಿ ಅಲ್ವಾ ಅಂದೆ. "ಎಲ್ಲಾ ಅಂದ್ರೆ ಫಾಲೋವರ್ಸ್ ಎಲ್ಲಾ ಸರ್." ದುಡ್ಡು ವಾಪಸ್ ಕೇಳಿದ ಮೇಲೆ ಉತ್ತರವೇ ಇಲ್ಲ.

ಆಮೇಲೆ ಕೂತು ಓದಿದೆ. ಆಕ್ಟಿವಿಟಿಪಬ್ ಅನ್ನು 2018ರಲ್ಲಿ ಡಬ್ಲ್ಯು3ಸಿ, ಅಂದರೆ ವೆಬ್‌ಗೆ ನಿಯಮ ರೂಪಿಸುವ ಸಂಸ್ಥೆ, ಸ್ಟ್ಯಾಂಡರ್ಡ್ ಮಾಡಿದ್ದು ನಿಜ. ಅದರಿಂದ ಈ ಸರ್ವರ್‌ನಲ್ಲಿ ಹಾಕಿದ್ದು ಆ ಸರ್ವರ್‌ನವರಿಗೆ ಕಾಣುತ್ತೆ, ಅವರು ಉತ್ತರ ಕೊಡಬಹುದು. ಆದರೆ ಮಾಸ್ಟೊಡಾನ್‌ನಲ್ಲಿ ಖಾತೆ ಬದಲಿಸಿದರೆ ಫಾಲೋವರ್‌ಗಳು ಮಾತ್ರ ತಾವಾಗೇ ಬರುತ್ತಾರೆ. ನೀವು ಫಾಲೋ ಮಾಡುವವರ ಪಟ್ಟಿಯನ್ನು ಫೈಲ್ ಮಾಡಿ ಹಾಕಿಕೊಳ್ಳಬೇಕು. ಪೋಸ್ಟ್‌ಗಳು ಹಳೇ ಸರ್ವರ್‌ನಲ್ಲೇ ಉಳಿಯುತ್ತವೆ. ಅದನ್ನೇ ನನ್ನ ಕೈಯಾರೆ ಅಳಿಸಿಬಿಟ್ಟೆ. ಬ್ಲೂಸ್ಕೈ ಅನ್ನೋ ಇನ್ನೊಂದು ಜಾಲತಾಣದ ಎಟಿ ಪ್ರೋಟೋಕಾಲ್‌ನಲ್ಲಿ (ಅದರ ನಿಯಮದಲ್ಲಿ) ಪೋಸ್ಟ್ ಸಮೇತ ಹೋಗುವ ದಾರಿ ಇದೆ, ಅದು ಬೇರೆ ಪ್ರೋಟೋಕಾಲ್.

ಸೆಟ್ಟಿಂಗ್ಸ್‌ಗೆ ಹೋಗಿ ಇವತ್ತೇ ಆರ್ಕೈವ್, ಅಂದರೆ ನಿಮ್ಮ ಪೋಸ್ಟ್‌ಗಳ ಪ್ರತಿ, ಇಳಿಸಿಕೊಳ್ಳಿ. ವಾರಕ್ಕೊಂದು ಸಲ ಕೇಳಬಹುದು. "ಎಲ್ಲಾ ಬರುತ್ತೆ" ಅಂದವರನ್ನು ಏನೇನು ಅಂತ ಒಂದೊಂದಾಗಿ ಕೇಳಿ, ಬರಹದಲ್ಲೇ ಕೇಳಿ.

ನನ್ನ ಕಗ್ಗಲಡು ಪೋಸ್ಟ್‌ಗಳ ಸ್ಕ್ರೀನ್‌ಶಾಟ್ ಯಾರ ಹತ್ತಿರವಾದರೂ ಇದ್ದರೆ ಕಳಿಸಿ. ಒಂದೇ ಒಂದು ಇದ್ದರೂ ಕಳಿಸಿ.