ಸೇಡಂ ರಸ್ತೆಯ ರೀಡಿಂಗ್ ರೂಮ್: ಓದಿಗೂ ಚರ್ಚೆಗೂ ಒಳ್ಳೆಯ ಜಾಗ

ಪದವಿ ಮುಗಿಸಿ ಕೆಪಿಎಸ್‌ಸಿ ಪರೀಕ್ಷೆಗೆ ಓದುತ್ತಿರುವ ನನ್ನಂಥವರಿಗೆ ಕಲಬುರಗಿಯ ಸೇಡಂ ರಸ್ತೆಯಲ್ಲಿರುವ ಈ ಖಾಸಗಿ ರೀಡಿಂಗ್ ರೂಮನ್ನು ನಾನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ಬಿಸಿಲು 40 ಡಿಗ್ರಿ ದಾಟುವ ಮಧ್ಯಾಹ್ನಗಳಲ್ಲೂ ಕೂಲರ್ ನಿಲ್ಲುವುದಿಲ್ಲ, ಕರೆಂಟ್ ಹೋದರೆ ಇನ್ವರ್ಟರ್ ಇದೆ. ಕುರ್ಚಿಗಳು ಮಾತ್ರ ಚೆನ್ನಾಗಿಲ್ಲ. ಎರಡು ತಾಸು ಕುಳಿತರೆ ಬೆನ್ನು ಹಿಡಿಯುತ್ತದೆ.

ನನಗೆ ಹೆಚ್ಚು ಹಿಡಿಸಿದ್ದು ಹೊರಗಿನ ವರಾಂಡದಲ್ಲಿರುವ ಪತ್ರಿಕೆಗಳ ಮೇಜು. ಅಧಿಸೂಚನೆಗಾಗಿ ಕಾಯುತ್ತ, ಅಂಚೆಲ್ಲ ಮಾಸಿದ ಪಂಚಾಯತ್ ರಾಜ್ ಅಧ್ಯಾಯವನ್ನೇ ಮತ್ತೆ ಮತ್ತೆ ತಿರುವಿಹಾಕುವಾಗ ಆವರಿಸುವ ಬೇಸರ ಸಣ್ಣದಲ್ಲ. ಆಗ ಎದ್ದು ಅಲ್ಲಿಗೆ ಹೋದರೆ, 2012ರಲ್ಲಿ ಸಂಸತ್ತು ಅಂಗೀಕರಿಸಿದ ಸಂವಿಧಾನದ 98ನೇ ತಿದ್ದುಪಡಿಯಿಂದ, ಈ ಭಾಗದವರಿಗೆ ನೇಮಕಾತಿಯಲ್ಲಿ ಮೀಸಲಾತಿಗೆ ಅವಕಾಶ ಕಲ್ಪಿಸುವ 371(ಜೆ) ವಿಧಿ ಬಂದಿದ್ದರೂ, 2019ರಲ್ಲಿ ಈ ಭಾಗಕ್ಕೆ ಕಲ್ಯಾಣ ಕರ್ನಾಟಕವೆಂಬ ಹೆಸರಿಟ್ಟಿದ್ದರೂ, ನೇಮಕಾತಿಗಳು ಏಕೆ ತಡವಾಗುತ್ತಿವೆ ಎಂಬ ಚರ್ಚೆ ಸದಾ ನಡೆದಿರುತ್ತದೆ. ಪಕ್ಷಭೇದವಿದ್ದರೂ ಯಾರೂ ದನಿ ಏರಿಸುವುದಿಲ್ಲ. ಇಂಥ ರಾಜಕೀಯದ ಮಾತು ನಮಗೆ ಕಾಲೇಜಿನಲ್ಲೂ ಸಿಕ್ಕಿರಲಿಲ್ಲ.

ಪಿಡಿಒ (ಪಂಚಾಯತ್ ಅಭಿವೃದ್ಧಿ ಅಧಿಕಾರಿ) ಆಗಿ ಇದೇ ಜಿಲ್ಲೆಯ ಹಳ್ಳಿಯಲ್ಲಿ ಕೆಲಸ ಮಾಡಬೇಕು, ಆಗದಿದ್ದರೆ ಬಿ.ಎಡ್. ಸೇರಬೇಕು ಎಂಬ ನನ್ನ ನಿರ್ಧಾರ ಗಟ್ಟಿಯಾದದ್ದೂ ಆ ಮೇಜಿನ ಬಳಿಯೇ. ಮಾಲೀಕರು ಕುರ್ಚಿ ಬದಲಿಸಿ, ಪರೀಕ್ಷೆ ಹತ್ತಿರವಾದಾಗ ರಾತ್ರಿಯೂ ತೆರೆದಿಟ್ಟರೆ ಶುಲ್ಕ ತುಸು ಹೆಚ್ಚಾದರೂ ಕೊಡಲು ನಾವು ಸಿದ್ಧರಿದ್ದೇವೆ.