ರೇಡಿಯಲ್ ಆರ್ಮ್ ಗರಗಸವೋ, ಸ್ಲೈಡಿಂಗ್ ಮೈಟರ್ ಗರಗಸವೋ: ನಾಲ್ಕು ಪುಸ್ತಕದ ಕಪಾಟುಗಳ ಅನುಭವ

ಕಳೆದ ಚಳಿಗಾಲದಲ್ಲಿ ನಮ್ಮ ಕನ್ನಡ ಕೂಟದ ಪುಸ್ತಕಗಳಿಗಾಗಿ ನಾಲ್ಕು ಕಪಾಟುಗಳನ್ನು ಮಾಡಿಕೊಟ್ಟೆ. ಮಿಷಿಗನ್‌ನಲ್ಲಿರುವ ನಮ್ಮ ಮನೆಯ ನೆಲಮಾಳಿಗೆಯೇ ನನ್ನ ಕಾರ್ಯಾಗಾರ. ಪಾಪ್ಲರ್ ಮರದ ಎಂಟಡಿ ಉದ್ದದ ಹದಿನಾರು ಹಲಗೆಗಳನ್ನು ತಂದಿದ್ದೆ. ಅಂಗಡಿಯಲ್ಲಿ ಇವನ್ನು 1 ಇಂಚು ದಪ್ಪ, 12 ಇಂಚು ಅಗಲ ಎಂದು ಮಾರುತ್ತಾರೆ. ಅಳೆದು ನೋಡಿದರೆ ದಪ್ಪ ಮುಕ್ಕಾಲು ಇಂಚು, ಅಗಲ ಹನ್ನೊಂದೂಕಾಲು ಇಂಚು. ಇದರಲ್ಲಿ ಇಪ್ಪತ್ತನಾಲ್ಕು ಅಡ್ಡಹಲಗೆ, ಎಂಟು ಪಕ್ಕಹಲಗೆ ಆಗಬೇಕು. ಪಕ್ಕಹಲಗೆಗಳಲ್ಲಿ ಅಡ್ಡಹಲಗೆಗಳು ಕೂರಲು ನಲವತ್ತೆಂಟು ತೋಡುಗಳನ್ನು ತೆಗೆಯಬೇಕು.

ಅಡ್ಡ ಕೊಯ್ಯುವ ಕೆಲಸಕ್ಕೆ ನನ್ನಲ್ಲಿ ಮೂರು ಯಂತ್ರಗಳಿದ್ದವು. ನಿವೃತ್ತರಾದ ನೆರೆಯವರಿಂದ ಕೊಂಡ ಹಳೆಯ 10 ಇಂಚಿನ ರೇಡಿಯಲ್ ಆರ್ಮ್ ಗರಗಸ, ಅಷ್ಟೇ ಅಳತೆಯ ಬ್ಲೇಡಿನ ಹೊಸ ಸ್ಲೈಡಿಂಗ್ ಮೈಟರ್ ಗರಗಸ, ಮತ್ತು ಮೇಜಿನ ಅಡಿಯಿಂದ ಬ್ಲೇಡು ಮೇಲಕ್ಕೆ ಚಾಚಿರುವ ಟೇಬಲ್ ಗರಗಸದ ಮೇಲೆ ಮರವನ್ನಿಟ್ಟು ಓಡಿಸಲು ನಾನೇ ಮಾಡಿಕೊಂಡ ಜಾರುಹಲಗೆ. ಎಲ್ಲವನ್ನೂ ಒಂದೇ ಯಂತ್ರದಲ್ಲಿ ಮುಗಿಸುವ ಬದಲು ಕೆಲಸವನ್ನು ಬೇಕೆಂದೇ ಮೂರಕ್ಕೂ ಹಂಚಿದೆ. ಯಾವುದು ವೇಗ ಎಂಬುದು ನನಗೆ ಮುಖ್ಯವಾಗಿರಲಿಲ್ಲ. ಬ್ಲೇಡಿನ ಬಲ ಯಾವ ಕಡೆಗೆ ಎಳೆಯುತ್ತದೆ, ಆಗ ನನ್ನ ಕೈ ಎಲ್ಲಿರುತ್ತದೆ ಎಂಬುದನ್ನು ನೋಡಬೇಕಿತ್ತು.

ಮೊದಲು ರೇಡಿಯಲ್ ಆರ್ಮ್. 1922ರಲ್ಲಿ ರೇಮಂಡ್ ಡಿವಾಲ್ಟ್ ಇದನ್ನು ರೂಪಿಸಿದರು. ಮೇಜಿನ ಹಿಂದೆ ಒಂದು ಕಂಬ, ಕಂಬದಿಂದ ನಮ್ಮತ್ತ ಚಾಚಿದ ಒಂದು ತೋಳು, ಆ ತೋಳಿಗೆ ನೇತುಬಿದ್ದು ಹಿಂದೆ ಮುಂದೆ ಓಡುವ ಮೋಟಾರು ಮತ್ತು ಬ್ಲೇಡು. ಮರ ಮೇಜಿನ ಮೇಲೆ ಕದಲದೆ ಮಲಗಿರುತ್ತದೆ, ಗರಗಸವೇ ಅದರ ಬಳಿಗೆ ಬರುತ್ತದೆ. ಉದ್ದ ಹಲಗೆಗಳೊಂದಿಗೆ ಗುದ್ದಾಡಿದವರಿಗೆ ಇದು ಎಷ್ಟು ದೊಡ್ಡ ಅನುಕೂಲ ಎಂದು ಹೇಳಬೇಕಾಗಿಲ್ಲ. ನನ್ನ ಯಂತ್ರ ಸುಮಾರು 15 ಇಂಚು ಅಗಲವನ್ನು ಒಂದೇ ಎಳೆತದಲ್ಲಿ ಕೊಯ್ಯುತ್ತದೆ. ಗುರುತು ಹಾಕಿದ ಗೆರೆಯೂ ಬ್ಲೇಡೂ ಕಣ್ಣೆದುರಿಗೇ ಇರುತ್ತವೆ.

ಅಪಾಯ ಇರುವುದು ಆ ಎಳೆತದಲ್ಲಿಯೇ. ಬ್ಲೇಡಿನ ಮುಂಭಾಗ, ಅಂದರೆ ನಮ್ಮ ಕಡೆಯ ಅಂಚು, ಮೇಲಿನಿಂದ ಕೆಳಕ್ಕೆ ತಿರುಗುತ್ತದೆ. ತಳದ ಹಲ್ಲುಗಳು ಹಿಂದಿನ ಫೆನ್ಸಿನ, ಅಂದರೆ ಮರವನ್ನು ಆನಿಸಿಡುವ ಪಟ್ಟಿಯ, ಕಡೆಗೆ ಓಡುತ್ತವೆ. ಇದರಿಂದ ಮರ ಮೇಜಿಗೂ ಫೆನ್ಸಿಗೂ ಒತ್ತಿಕೊಳ್ಳುತ್ತದೆ, ಅಷ್ಟರ ಮಟ್ಟಿಗೆ ಒಳ್ಳೆಯದು. ಆದರೆ ಬ್ಲೇಡನ್ನು ಹಲ್ಲಿರುವ ಒಂದು ಚಕ್ರ, ಮರವನ್ನು ಅದರ ರಸ್ತೆ ಎಂದುಕೊಳ್ಳಿ. ಆ ಚಕ್ರ ಯಾವ ಕಡೆಗೆ ಉರುಳುತ್ತದೆ? ನಮ್ಮ ಕಡೆಗೆ. ನಾವು ಗರಗಸವನ್ನು ಎಳೆಯುತ್ತಿದ್ದೇವೆ ಎಂದು ಭಾವಿಸುತ್ತೇವೆ. ಹಲ್ಲು ಮರವನ್ನು ಕಚ್ಚಿದ ಕ್ಷಣದಿಂದ ಅದು ತಾನಾಗಿಯೇ ನಮ್ಮತ್ತ ಬರಲು ಹವಣಿಸುತ್ತದೆ. ಆಮೇಲೆ ಎಳೆಯುವ ಕೆಲಸ ಇರುವುದೇ ಇಲ್ಲ, ತಡೆಯುವ ಕೆಲಸ ಮಾತ್ರ ಉಳಿಯುತ್ತದೆ.

ಇದನ್ನು ನಾನು ಓದಿದ್ದೆ. ಆದರೂ ಯಂತ್ರ ಕೊಂಡ ಮೊದಲ ವಾರದಲ್ಲಿ, ಅದರಲ್ಲಿದ್ದ ಬ್ಲೇಡನ್ನೇ ಬಳಸಿ ಎರಡಿಂಚು ದಪ್ಪದ ಓಕ್ ತುಂಡನ್ನು ಕೊಯ್ಯಲು ಹೋದೆ. ಅದು ಟೇಬಲ್ ಗರಗಸದಲ್ಲಿ ಮರ ಸೀಳುವ ಬ್ಲೇಡು: ಇಪ್ಪತ್ತನಾಲ್ಕು ಹಲ್ಲು, ಹಲ್ಲುಗಳು ಮುಂದಕ್ಕೆ ಬಾಗಿದ್ದವು. ಅರ್ಧ ಕೊಯ್ದಿದ್ದೆನೋ ಇಲ್ಲವೋ, ಗರಗಸ ಮರದ ಮೇಲೆ ಹತ್ತಿ ಮುಂದಕ್ಕೆ ನುಗ್ಗಿತು. ತೋಳು ಮೇಲೆದ್ದು ಬ್ಲೇಡು ಸಿಕ್ಕಿಕೊಂಡು ಮೋಟಾರು ನಿಂತಿತು. ಎಡಗೈ ಬ್ಲೇಡಿನ ದಾರಿಯಿಂದ ಒಂದು ಗೇಣು ದೂರದಲ್ಲಿತ್ತು, ಹಾಗಾಗಿ ಉಳಿಯಿತು. ಆ ದಿನ ಮತ್ತೆ ಸ್ವಿಚ್ ಮುಟ್ಟಲು ಮನಸ್ಸಾಗಲಿಲ್ಲ.

ಮರುದಿನ ಹೊಸ ಬ್ಲೇಡು ತಂದೆ. ಅರವತ್ತು ಹಲ್ಲು, ಹಲ್ಲುಗಳ ಬಾಗು ಹಿಂದಕ್ಕೆ ಐದು ಡಿಗ್ರಿ. ಈ ಗರಗಸಕ್ಕೆ ಸೊನ್ನೆ ಅಥವಾ ಅದಕ್ಕಿಂತ ಕಡಿಮೆ ಬಾಗಿನ ಹಲ್ಲುಗಳೇ ಬೇಕು. ಇದರಲ್ಲಿ ಮಾತ್ರ ನಾನು ಯಾವ ರಾಜಿಗೂ ಸಿದ್ಧನಿಲ್ಲ. ವ್ಯತ್ಯಾಸ ಮೊದಲ ಕೊಯ್ತದಲ್ಲಿಯೇ ಕೈಗೆ ತಿಳಿಯಿತು. ಆಮೇಲೆ ಯಂತ್ರದ ಮುಂದಿನ ಕಾಲುಗಳ ಕೆಳಗೆ ತೆಳು ಪಟ್ಟಿಗಳನ್ನಿಟ್ಟು ಇಡೀ ಮೇಜನ್ನು ಹಿಂದಕ್ಕೆ ಸ್ವಲ್ಪ ವಾಲಿಸಿದೆ, ಗರಗಸ ತಾನಾಗಿ ಮುಂದೆ ಜಾರದಿರಲಿ ಎಂದು. ಎಳೆಯುವಾಗ ಬಲಗೈಯ ಮಣಿಕಟ್ಟು, ಮೊಣಕೈ ಎರಡನ್ನೂ ಬಿಗಿಹಿಡಿದು, ತೋಳನ್ನು ಕಂಬದಂತೆ ನೇರ ಮಾಡಿ, ಮೈಯನ್ನೇ ಹಿಂದಕ್ಕೆ ಸರಿಸುತ್ತೇನೆ. ಗರಗಸ ನುಗ್ಗಿದರೂ ಆ ತೋಳಿಗೆ ಒತ್ತಿ ನಿಲ್ಲುತ್ತದೆ. ಕೊಯ್ದಾದ ಮೇಲೆ ಅದನ್ನು ಫೆನ್ಸಿನ ಹಿಂದಕ್ಕೆ ತಳ್ಳಿ, ಬ್ಲೇಡು ಪೂರ್ತಿ ನಿಂತ ನಂತರವೇ ಮರವನ್ನು ತೆಗೆಯುತ್ತೇನೆ. ಬಲಗೈಯಲ್ಲಿ ಹಿಡಿ, ಎಡಗೈಯಲ್ಲಿ ಮರ. ಕೈಗಳು ಎಂದೂ ಒಂದರ ಮೇಲೊಂದು ಅಡ್ಡ ಬರಬಾರದು.

ಹಳೆಯ ಯಂತ್ರ ಕೊಳ್ಳುವವರು ಮೊದಲು ನೋಡಬೇಕಾದದ್ದು ಬ್ಲೇಡಿನ ಗಾರ್ಡು. ಅಮೆರಿಕದಲ್ಲಿ 1958ರಿಂದ 1992ರವರೆಗೆ ತಯಾರಾದ ಸುಮಾರು 37 ಲಕ್ಷ ರೇಡಿಯಲ್ ಆರ್ಮ್ ಗರಗಸಗಳನ್ನು, ಇಡೀ ಬ್ಲೇಡನ್ನು ಮುಚ್ಚುವ ಗಾರ್ಡು ಇಲ್ಲವೆಂಬ ಕಾರಣಕ್ಕೆ, 2000ನೇ ಇಸವಿಯಲ್ಲಿ ಹಿಂದಕ್ಕೆ ಕರೆಯಲಾಯಿತು. ಹೊಸ ಗಾರ್ಡು ಹೊಂದುವ ಮಾದರಿಗಳಿಗೆ ಅದನ್ನು ಉಚಿತವಾಗಿ ಕೊಟ್ಟರು. ಬ್ಲೇಡಿನ ಮೇಲರ್ಧ ಮಾತ್ರ ಮುಚ್ಚಿರುವ ಯಂತ್ರ ಕಣ್ಣಿಗೆ ಬಿದ್ದರೆ, ಬೆಲೆ ಎಷ್ಟೇ ಕಡಿಮೆಯಿರಲಿ, ಅದಕ್ಕೆ ತಕ್ಕ ಗಾರ್ಡು ಸಿಗುತ್ತದೆಯೇ ಎಂದು ಖಚಿತವಾಗುವವರೆಗೆ ಹಣ ಕೊಡಬೇಡಿ.

ಇನ್ನು ಸ್ಲೈಡಿಂಗ್ ಮೈಟರ್ ಗರಗಸ. ಇದರ ಬ್ಲೇಡೂ ಅದೇ ದಿಕ್ಕಿನಲ್ಲಿ ತಿರುಗುತ್ತದೆ. ಬೇರೆಯಾಗುವುದು ಕೊಯ್ಯುವ ಕ್ರಮ. ಮೋಟಾರು, ಬ್ಲೇಡು ಇರುವ ಗರಗಸದ ತಲೆಯನ್ನು ಮೊದಲು ನಮ್ಮತ್ತ ಎಳೆದುಕೊಂಡು, ಸ್ವಿಚ್ ಒತ್ತಿ, ಬ್ಲೇಡನ್ನು ಮರದೊಳಗೆ ಇಳಿಸಿ, ಹಿಂದಕ್ಕೆ ತಳ್ಳುತ್ತಾ ಕೊಯ್ಯಬೇಕು. ಹಲ್ಲುಗಳು ಈಗಲೂ ನಮ್ಮ ಕಡೆಗೇ ಉರುಳಲು ನೋಡುತ್ತವೆ, ಆದರೆ ನಾವು ಅದಕ್ಕೆ ಎದುರಾಗಿ ತಳ್ಳುತ್ತಿರುತ್ತೇವೆ. ಕೈ ಸಡಿಲವಾದರೆ ಕೊಯ್ತ ನಿಧಾನವಾಗುತ್ತದೆ, ನುಗ್ಗಾಟ ಇಲ್ಲ. ತಲೆ ಎತ್ತಿದೊಡನೆ ಕೆಳಗಿನ ಗಾರ್ಡು ತಾನಾಗಿ ಮುಚ್ಚಿಕೊಳ್ಳುತ್ತದೆ. ಹದಿನಾರು ಅಡ್ಡಹಲಗೆಗಳನ್ನು ಇದರಲ್ಲಿ ಕೊಯ್ದೆ, ಒಮ್ಮೆಯೂ ಎದೆ ಧಸಕ್ಕೆನ್ನಲಿಲ್ಲ. ಆದರೆ ಎಳೆಯುತ್ತಾ ಕೊಯ್ಯುವ ಅಭ್ಯಾಸವನ್ನು ಇಲ್ಲಿಗೂ ತಂದರೆ ರೇಡಿಯಲ್ ಆರ್ಮ್‌ನ ಅಪಾಯವೇ ಇಲ್ಲಿಗೂ ಬರುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡವರು ಇದನ್ನು ನೆನಪಿಡಬೇಕು. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ನಾನು ಬ್ಲೇಡು ತಿರುಗಿಸದೆಯೇ ಒಮ್ಮೆ ಕೈಯಾಡಿಸಿ ನೋಡಿಕೊಳ್ಳುತ್ತೇನೆ.

ಇದರ ಮಿತಿ ಅಗಲ. ಹನ್ನೆರಡು ಇಂಚಿಗೆ ಅದರ ಓಟ ಮುಗಿಯುತ್ತದೆ. ನನ್ನ ಹನ್ನೊಂದೂಕಾಲು ಇಂಚು ಅಂಚಿನಲ್ಲಿ ಹಿಡಿಸಿತು, ಅಷ್ಟೇ. ಇನ್ನೊಂದು ವಿಷಯ: ಕೊಯ್ದ ಮೇಲೆ ಬ್ಲೇಡು ನಿಲ್ಲುವ ಮುನ್ನ ತಲೆ ಎತ್ತಿದರೆ ಸಣ್ಣ ತುಂಡು ಹಲ್ಲಿಗೆ ಸಿಕ್ಕಿ ಹಾರುತ್ತದೆ.

ಟೇಬಲ್ ಗರಗಸದ ಜಾರುಹಲಗೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಸಣ್ಣ ತುಂಡುಗಳನ್ನು ಚೊಕ್ಕಟವಾಗಿ, ನಿಖರ ಮೂಲೆಗೆ ಕೊಯ್ಯಲು ಅದನ್ನು ಮೀರಿಸುವುದು ಬೇರೆ ಇಲ್ಲ. ಎಂಟಡಿ ಹಲಗೆಯನ್ನು ಅದರ ಮೇಲಿಟ್ಟು ತಳ್ಳಿದಾಗ ಮಾತ್ರ ಅರ್ಧ ಹಲಗೆ ಹೊರಗೆ ಜೋತುಬಿದ್ದು ಜಾರುಹಲಗೆಯನ್ನೇ ಎತ್ತುತ್ತಿತ್ತು. ಜೊತೆಗೆ ಬ್ಲೇಡಿನ ಮೇಲಿನ ಗಾರ್ಡನ್ನೂ ತೆಗೆದಿಡಬೇಕಾಗುತ್ತದೆ. ಎರಡು ಹಲಗೆಗಳ ನಂತರ ನಿಲ್ಲಿಸಿ, ಉಳಿದುದನ್ನು ರೇಡಿಯಲ್ ಆರ್ಮ್‌ಗೆ ಕೊಟ್ಟೆ.

ತೋಡುಗಳ ಸರದಿ ಬಂದಾಗ ಹಳೆಯ ಯಂತ್ರವೇ ಗೆದ್ದಿತು. ಆರಡಿ ಉದ್ದದ ಪಕ್ಕಹಲಗೆ ಮೇಜಿನ ಮೇಲೆ ಸುಮ್ಮನೆ ಮಲಗಿದ್ದರೆ ಸಾಕು, ಗೆರೆ ಮೇಲಿನಿಂದ ಕಾಣುತ್ತದೆ. ಟೇಬಲ್ ಗರಗಸದಲ್ಲಾದರೆ ತೋಡು ಹಲಗೆಯ ಅಡಿಯಲ್ಲಿ ಬೀಳುತ್ತದೆ, ಏನಾಗುತ್ತಿದೆ ಎಂದು ಕಾಣುವುದಿಲ್ಲ. ಮುಕ್ಕಾಲು ಇಂಚು ಅಗಲದ ತೋಡಿಗೆ ಹಲವು ಬ್ಲೇಡುಗಳನ್ನು ಒಟ್ಟಿಗೆ ಜೋಡಿಸಬೇಕು, ಆಗ ಮುನ್ನುಗ್ಗುವ ಬಲವೂ ಹೆಚ್ಚುತ್ತದೆ. ಆದ್ದರಿಂದ ಕಾಲಿಂಚು ಆಳವನ್ನು ಎರಡು ಸಲಕ್ಕೆ ಹಂಚಿದೆ. ಹಲಗೆಯ ಅಂಚು ದಾಟಿದೊಡನೆ ಗರಗಸ ನಿಲ್ಲುವಂತೆ ತೋಳಿಗೆ ಒಂದು ಕ್ಲಾಂಪ್ ಬಿಗಿದೆ. ನಲವತ್ತೆಂಟು ತೋಡುಗಳಿಗೆ ಎರಡು ಸಂಜೆ ಹಿಡಿಯಿತು.

ಮೂಲೆಮಟ್ಟದ ವಿಷಯದಲ್ಲಿ ಮೈಟರ್ ಗರಗಸ ಮುಂದು. ರೇಡಿಯಲ್ ಆರ್ಮ್‌ನ ತೋಳು ಉದ್ದ, ಒಂದು ಜೋರು ಏಟಿಗೆ ಕೂದಲೆಳೆಯಷ್ಟು ಕದಲಿದರೂ ಕೊಯ್ತ ಓರೆಯಾಗುತ್ತದೆ. ಪರೀಕ್ಷಿಸಲು ಅಗಲ ಹಲಗೆಯೊಂದನ್ನು ಕೊಯ್ದು, ಒಂದು ತುಂಡನ್ನು ಮಗುಚಿ, ನೇರ ಪಟ್ಟಿಗೆ ಒತ್ತಿ ಎರಡನ್ನೂ ಕೂಡಿಸಿ ನೋಡಿ. ನಡುವೆ ಬಿರುಕು ಕಂಡರೆ ಅದು ತಪ್ಪಿನ ಎರಡರಷ್ಟು.

ಮರವನ್ನು ಉದ್ದಕ್ಕೆ ಸೀಳುವುದೂ ರೇಡಿಯಲ್ ಆರ್ಮ್‌ನಲ್ಲಿ ಸಾಧ್ಯ ಎನ್ನುತ್ತಾರೆ. ಮೋಟಾರನ್ನು ತಿರುಗಿಸಿ ಬ್ಲೇಡನ್ನು ಫೆನ್ಸಿಗೆ ಸಮಾನಾಂತರವಾಗಿ ನಿಲ್ಲಿಸಬೇಕು. ಬ್ಲೇಡು ತಿರುಗುವ ದಿಕ್ಕಿಗೆ ಎದುರಾಗಿಯೇ ಮರವನ್ನು ತಳ್ಳಬೇಕು; ತಪ್ಪಿ ಇನ್ನೊಂದು ಕಡೆಯಿಂದ ಕೊಟ್ಟರೆ ಬ್ಲೇಡು ಮರವನ್ನು ಕಸಿದುಕೊಂಡು ಎಸೆಯುತ್ತದೆ, ಹಿಂದೆಯೇ ಕೈಯೂ ಹೋಗುತ್ತದೆ. ಸರಿಯಾದ ಕಡೆಯಿಂದ, ಮರ ಹಿಂದಕ್ಕೆ ಹಾರದಂತೆ ಹಿಡಿಯುವ ಎಲ್ಲ ತಡೆಗಳನ್ನೂ ಮರದ ಮೇಲೆ ಇಳಿಸಿ ಒಮ್ಮೆ ಮಾಡಿ ನೋಡಿದ್ದೇನೆ. ಮತ್ತೆ ಮಾಡುವುದಿಲ್ಲ. ಸೀಳಲು ಟೇಬಲ್ ಗರಗಸವಿದೆ.

ಕೂಟದ ಗೆಳೆಯರೊಬ್ಬರು ಕಪಾಟು ನೋಡಿ, ತಾವೂ ಮರಗೆಲಸ ಶುರು ಮಾಡುತ್ತೇವೆ, ಯಾವುದನ್ನು ಕೊಳ್ಳಲಿ ಎಂದು ಕೇಳಿದರು. ಸ್ಲೈಡಿಂಗ್ ಮೈಟರ್ ಗರಗಸ ಕೊಳ್ಳಿ ಎಂದೆ. ಹಾಗಾದರೆ ನಿಮ್ಮ ಹಳೆಯ ರೇಡಿಯಲ್ ಆರ್ಮ್ ಗರಗಸವನ್ನು ಮಾರುತ್ತೀರಾ ಎಂದಾಗ ಇಲ್ಲ ಎಂದೆ. ತೋಡಿಗೆ, ಅಗಲ ಹಲಗೆಗೆ ಅದು ಬೇಕು. ಕೆಲಸಕ್ಕೆ ನಿಲ್ಲುವ ಮೊದಲು ಕೈಗೆ ಕಟ್ಟಿದ ಪೂಜೆಯ ದಾರ, ಉಂಗುರ ಎರಡನ್ನೂ ಬಿಚ್ಚಿಡುತ್ತೇನೆ. ಗವಸು ಹಾಕುವುದಿಲ್ಲ, ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ ತಪ್ಪಿಸುವುದಿಲ್ಲ. ಯಂತ್ರ ಓಡುವಾಗ ಮನೆಯವರು ಯಾರೂ ಹಿಂದಿನಿಂದ ಕರೆಯುವುದಿಲ್ಲ. ಬೇಕಾದರೆ ಮೆಟ್ಟಿಲ ದೀಪವನ್ನು ಎರಡು ಬಾರಿ ಹೊತ್ತಿಸಿ ಆರಿಸುತ್ತಾರೆ. ಸ್ವಿಚ್ಚಿನ ಹಳದಿ ಕೀಲಿಯನ್ನು ಕೆಲಸ ಮುಗಿದ ಮೇಲೆ ಕಿತ್ತು ಮೇಲೆ ತರುತ್ತೇನೆ. ಅದು ಅಡುಗೆಮನೆಯಲ್ಲಿ, ಮಕ್ಕಳ ಕೈಗೆಟುಕದ ಮೇಲಿನ ಅಟ್ಟಣೆಯಲ್ಲಿ ಇರುತ್ತದೆ.