ಪಿಜಿ-ಡ್ಯಾಕ್ ಹೇಗಿದೆ? ಮೆಕ್ಯಾನಿಕಲ್‌ನಿಂದ ಬಂದವನ ರಿವ್ಯೂ

ಪೀಣ್ಯದ ಒಂದು ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಣದ ಮಷಿನ್) ವರ್ಕ್‌ಶಾಪಿನಲ್ಲಿ ಕ್ವಾಲಿಟಿ ನೋಡಿಕೊಳ್ಳುತ್ತಿದ್ದವನು ನಾನು. ಕೈಯಲ್ಲಿ ಮೈಕ್ರೋಮೀಟರ್, ಮುಂದೆ ಇನ್‌ಸ್ಪೆಕ್ಷನ್ ರಿಪೋರ್ಟ್. ಈಗ ಬೆಂಗಳೂರಿನ ಇನ್ನೊಂದು ತುದಿಯಲ್ಲಿ ಕೂತು ಜಾವಾ ಕೋಡ್ ಬರೆಯುತ್ತೇನೆ. ಇವೆರಡರ ನಡುವೆ ಇದ್ದದ್ದು ಸಿ-ಡ್ಯಾಕ್‌ನ ಪಿಜಿ-ಡ್ಯಾಕ್ ಕೋರ್ಸ್, ಅಂದರೆ ಅಡ್ವಾನ್ಸ್ಡ್ ಕಂಪ್ಯೂಟಿಂಗ್‌ನ ಪೋಸ್ಟ್ ಗ್ರಾಜುಯೇಟ್ ಡಿಪ್ಲೊಮಾ. ಹಳೇ ಶಾಪ್ ಫ್ಲೋರ್ ಗೆಳೆಯರು, ನಮ್ಮೂರಿನ ಬಿಇ ಮುಗಿಸಿದ ಹುಡುಗರು "ಸೇರಬಹುದಾ ಅಣ್ಣಾ?" ಅಂತ ಕೇಳುತ್ತಲೇ ಇರುತ್ತಾರೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಸಾಕಾಗಿ ಇಲ್ಲಿ ಬರೆದು ಬಿಡುತ್ತಿದ್ದೇನೆ.

ಸಿ-ಡ್ಯಾಕ್ ಕೇಂದ್ರ ಸರ್ಕಾರದ ಸಂಸ್ಥೆ. 1991ರಲ್ಲಿ ಪರಮ್ 8000 ಸೂಪರ್ ಕಂಪ್ಯೂಟರ್ ಮಾಡಿದ್ದು ಇವರೇ. ಇವರು ನಡೆಸುವ ಡಿಪ್ಲೊಮಾಗಳಲ್ಲಿ ಪಿಜಿ-ಡ್ಯಾಕ್ ಹೆಸರು ಜಾಸ್ತಿ ಕೇಳಿಬರುತ್ತದೆ. 24 ವಾರ, 900 ಗಂಟೆ, ಫುಲ್ ಟೈಮ್. ಯಾವ ಬ್ರಾಂಚಿನ ಬಿಇ ಆದರೂ ಅರ್ಜಿ ಹಾಕಬಹುದು. ನಮ್ಮಂಥವರ ಕಣ್ಣು ಬೀಳುವುದು ಆ ಸಾಲಿನ ಮೇಲೆಯೇ.

ಆದರೆ ಆ ಸಾಲು ನಂಬಿ ಸುಮ್ನೆ ಅರ್ಜಿ ಹಾಕಬೇಡಿ. ಬಾಗಿಲಲ್ಲಿ ಸಿ-ಕ್ಯಾಟ್ ಅನ್ನುವ ಪ್ರವೇಶ ಪರೀಕ್ಷೆ ಇದೆ. ಪಿಜಿ-ಡ್ಯಾಕ್‌ಗೆ ಅದರ ಎ ಮತ್ತು ಬಿ ಸೆಕ್ಷನ್ ಬರೆಯಬೇಕು. ಒಂದೊಂದರಲ್ಲಿ 50 ಪ್ರಶ್ನೆ, ಒಂದು ಗಂಟೆ. ಸರಿ ಉತ್ತರಕ್ಕೆ ಮೂರು ಅಂಕ, ತಪ್ಪಿಗೆ ಒಂದು ಕಟ್. ಇಂಗ್ಲಿಷ್, ಲೆಕ್ಕ, ರೀಸನಿಂಗ್ ಬರುವ ಎ ಸೆಕ್ಷನ್ ಯಾರಾದರೂ ದಾಟುತ್ತಾರೆ. ಬಿ ಸೆಕ್ಷನ್‌ನಲ್ಲಿ ಬರೋದು ಸಿ ಪ್ರೋಗ್ರಾಮಿಂಗ್, ಡೇಟಾ ಸ್ಟ್ರಕ್ಚರ್, ಆಪರೇಟಿಂಗ್ ಸಿಸ್ಟಮ್, ನೆಟ್‌ವರ್ಕಿಂಗ್. ಅಂದರೆ ಕಂಪ್ಯೂಟರ್ ಓದದವರಿಗೂ ಸೀಟು ಕೊಡುತ್ತಾರೆ, ಕಂಪ್ಯೂಟರ್ ಗೊತ್ತಿಲ್ಲದವರಿಗೆ ಕೊಡುವುದಿಲ್ಲ. ನನಗೆ ಇದು ಸರಿ ಅನ್ನಿಸುತ್ತದೆ. ಸಿ ಭಾಷೆಯ ಪಾಯಿಂಟರ್ (ಮೆಮೊರಿಯ ವಿಳಾಸ ಇಟ್ಟುಕೊಳ್ಳುವ ವೇರಿಯಬಲ್) ಅಂದರೇನು ಅಂತ ಗೊತ್ತಿಲ್ಲದೆ ಒಳಗೆ ಹೋದರೆ ಎರಡನೇ ವಾರಕ್ಕೇ ಉಸಿರುಗಟ್ಟುತ್ತದೆ.

900 ಗಂಟೆಯನ್ನು 24 ವಾರಕ್ಕೆ ಹಂಚಿ ನೋಡಿ. ವಾರಕ್ಕೆ 37 ಗಂಟೆಯ ಮೇಲೆ ಬರುತ್ತದೆ. ಅದು ಕ್ಲಾಸು ಮತ್ತು ಲ್ಯಾಬ್ ಮಾತ್ರ. ರೂಮಿಗೆ ಬಂದು ಮತ್ತೆ ಕೂರುವುದು ಬೇರೆ. ಶಿಫ್ಟ್ ಮಾಡಿ ಅಭ್ಯಾಸ ಇದ್ದ ನನಗೆ ಅದು ಕಷ್ಟ ಆಗಲಿಲ್ಲ. ಕಾಲೇಜು ಮುಗಿಸಿ ನೇರ ಬಂದವರಿಗೆ ಆಯಿತು. ಕೆಲಸ ಮಾಡಿಕೊಂಡು ಇದನ್ನು ಮಾಡಬಹುದಾ ಅಂತ ಕೇಳುವವರಿಗೆ ಒಂದೇ ಉತ್ತರ: ಆಗಲ್ಲ.

ಪಾಠದ ಗುಣಮಟ್ಟ ಸೆಂಟರಿನಿಂದ ಸೆಂಟರಿಗೆ, ಮಾಡ್ಯೂಲಿನಿಂದ ಮಾಡ್ಯೂಲಿಗೆ ಬೇರೆ ಬೇರೆ. ಎಲ್ಲ ಪಾಠವೂ ಯೂಟ್ಯೂಬಿನಲ್ಲಿ ಪುಕ್ಕಟೆ ಸಿಗುತ್ತದೆ, ಸುಳ್ಳು ಯಾಕೆ ಹೇಳಲಿ. ಅಲ್ಲಿ ಸಿಗದೇ ಇರೋದು ಲ್ಯಾಬ್. ಒಮ್ಮೆ ನನ್ನ ಪಕ್ಕದವಳ ಸ್ಕ್ರೀನಿನಲ್ಲಿ ಕೆಂಪು ಅಕ್ಷರದ ಎರರ್ ಉದ್ದಕ್ಕೆ ಹರಿದಿತ್ತು. ಇಬ್ಬರೂ ಮೇಲಿನ ಸಾಲನ್ನೇ ತಿರುತಿರುಗಿ ಓದುತ್ತಿದ್ದೆವು. ಸರ್ ಬಂದವರು ಕೋಡ್ ಕಡೆ ನೋಡಲೇ ಇಲ್ಲ. "ಕೆಳಗೆ ಹೋಗಿ, ಕೊನೆಯ 'ಕಾಸ್ಡ್ ಬೈ' ಎಲ್ಲಿದೆ ಹುಡುಕಿ" ಅಂದರು. ಅಲ್ಲಿ ಒಂದೇ ಸಾಲು: ಆ ಹೆಸರಿನ ಟೇಬಲ್ ಡೇಟಾಬೇಸಿನಲ್ಲಿ ಇಲ್ಲ. ಟೇಬಲ್ ಹೆಸರಿಗೆ ಒಂದು 'ಎಸ್' ಜಾಸ್ತಿ ಬಿದ್ದಿತ್ತು, ಅಷ್ಟೇ. ಇದು ನಾನು ಪೀಣ್ಯದಲ್ಲಿ ಮಾಡುತ್ತಿದ್ದ ವೈ-ವೈ ಅನಾಲಿಸಿಸ್ಸೇ ಅಲ್ವಾ ಅನ್ನಿಸಿತು. ರಿಜೆಕ್ಟ್ ಆದ ಪೀಸ್ ಕೈಗೆ ಬಂದರೆ ಯಾಕೆ, ಅದಕ್ಕೆ ಯಾಕೆ ಅಂತ ಕೊನೆಯ ಕಾರಣದವರೆಗೆ ಹೋಗುತ್ತಿದ್ದೆವು. ಆವತ್ತಿನಿಂದ ಎರರ್ ಕಂಡರೆ ಗಾಬರಿ ಆಗುವುದು ನಿಂತಿತು.

ಪ್ರತಿ ಮಾಡ್ಯೂಲಿಗೂ ಥಿಯರಿ, ಲ್ಯಾಬ್, ಇಂಟರ್ನಲ್ ಅಂತ ಅಂಕ ಹಂಚಿರುತ್ತಾರೆ. ಥಿಯರಿ ಉರು ಹೊಡೆದು ಪಾಸಾಗಬಹುದು, ಲ್ಯಾಬ್ ಪರೀಕ್ಷೆಯಲ್ಲಿ ಆ ಆಟ ನಡೆಯಲ್ಲ. ಮೈಕ್ರೋಸಾಫ್ಟಿನ ಡಾಟ್‌ನೆಟ್ ಮಾಡ್ಯೂಲ್ ಮಾತ್ರ ನನ್ನ ತಲೆಯ ಮೇಲೆ ಹಾದು ಹೋಯಿತು. ಜಾವಾ ಕಡೆ ಹೋಗುವವರು ಅದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳುವುದು ಬೇಡ.

ಫೀಲ್ಡ್ ಬದಲಿಸುವವರು ಕೊನೆಯ ಪ್ರಾಜೆಕ್ಟಿನ ಬಗ್ಗೆ ಗಮನ ಇಡಿ. ಬ್ಯಾಚಿನಲ್ಲಿ ಅರ್ಧ ಜನ ಆನ್‌ಲೈನ್ ಶಾಪಿಂಗ್, ಹೋಟೆಲ್ ಬುಕಿಂಗ್ ಮಾಡಿದರು. ನಮ್ಮ ಗುಂಪಿನವರನ್ನು ಒಪ್ಪಿಸಿ ನಾನು ಟೂಲ್ ಸ್ಟೋರ್ ಪ್ರಾಜೆಕ್ಟ್ ಹಿಡಿದೆ. ಯಾವ ಮಷಿನ್ನಿಗೆ ಯಾವ ಕಾರ್ಬೈಡ್ ಇನ್‌ಸರ್ಟ್ (ಲೋಹ ಕತ್ತರಿಸುವ, ಸವೆದರೆ ಬದಲಿಸುವ ತುದಿ) ಹೋಯಿತು, ಎಷ್ಟು ಪೀಸ್ ಬಂತು, ಸ್ಟಾಕ್ ಎಷ್ಟು ಉಳಿಯಿತು, ಇದೇ. ಇಂಟರ್‌ವ್ಯೂನಲ್ಲಿ ಕೇಳಿದ್ದೂ ಅದರ ಬಗ್ಗೆಯೇ. "ಒಂದೇ ಇನ್‌ಸರ್ಟ್ ಉಳಿದಿದೆ. ಇಬ್ಬರು ಆಪರೇಟರ್‌ಗಳು ಒಂದೇ ಹೊತ್ತಿಗೆ ಇಶ್ಯೂ ಒತ್ತಿದರೆ?" ಶಾಪ್ ಫ್ಲೋರಿನಲ್ಲಿ ಇದು ದಿನಾ ಆಗುವ ಜಗಳ! ಇಬ್ಬರಿಗೂ ಸ್ಟಾಕ್ ಒಂದು ಅಂತಲೇ ಕಾಣುತ್ತದೆ, ಇಬ್ಬರೂ ಸೊನ್ನೆ ಅಂತ ಬರೆಯುತ್ತಾರೆ, ಚೀಟಿ ಎರಡು, ಇನ್‌ಸರ್ಟ್ ಒಂದು. ಅದಕ್ಕೆ ಡೇಟಾಬೇಸಿನ ಪ್ರತಿ ಸಾಲಿಗೂ ಒಂದು ವರ್ಷನ್ ನಂಬರ್ ಇಟ್ಟಿದ್ದೇವೆ, ಎರಡನೆಯವನು ಸೇವ್ ಮಾಡುವಷ್ಟರಲ್ಲಿ ಆ ನಂಬರ್ ಬದಲಾಗಿರುತ್ತದೆ, ಅವನದು ತಿರಸ್ಕಾರ ಆಗುತ್ತದೆ ಅಂತ ವಿವರಿಸಿದೆ. "ಮೆಕ್ಯಾನಿಕಲ್ ಬಿಟ್ಟು ಇಲ್ಲಿಗೆ ಯಾಕೆ ಬಂದಿರಿ?" ಅನ್ನುವ ಪ್ರಶ್ನೆ ಆಮೇಲೆ ಬರಲೇ ಇಲ್ಲ.

ಪ್ಲೇಸ್‌ಮೆಂಟ್ ಬಗ್ಗೆ ಖಾರವಾಗಿಯೇ ಹೇಳುತ್ತೇನೆ. ಕ್ಯಾಂಪಸ್‌ಗೆ ಕಂಪನಿಗಳು ಬರುತ್ತವೆ, ಆದರೆ ಕೆಲಸದ ಗ್ಯಾರಂಟಿ ಇಲ್ಲ. ಎಸ್ಸೆಸ್ಸೆಲ್ಸಿಯಿಂದ ಡಿಗ್ರಿವರೆಗೆ ಎಲ್ಲದರಲ್ಲೂ ಶೇ. 60 ಕೇಳುವ ಕಂಪನಿಗಳು ಬೇಕಾದಷ್ಟಿವೆ. ಪಿಯುಸಿಯಲ್ಲಿ ಎಡವಿದವರಿಗೆ ಅಲ್ಲೇ ಗೇಟ್ ಮುಚ್ಚುತ್ತದೆ, ಕೋಡಿಂಗ್ ಎಷ್ಟೇ ಚೆನ್ನಾಗಿ ಬರಲಿ. ಇನ್ನೊಂದು, ನನ್ನ ಹಳೇ ಅನುಭವವನ್ನು ಆಫರ್ ಲೆಟರ್‌ನಲ್ಲಿ ಸೊನ್ನೆ ಅಂತಲೇ ಹಿಡಿದರು. ನನಗಿಂತ ಚಿಕ್ಕವರ ಜೊತೆ ಫ್ರೆಶರ್ ಸಂಬಳಕ್ಕೆ ಸೇರಿದೆ. ಮನೆಯಲ್ಲಿ ಅಪ್ಪ "ಅದೇ ಸಂಬಳಕ್ಕೆ ಇಷ್ಟೆಲ್ಲಾ ಯಾಕಪ್ಪಾ?" ಅಂದರು. ಅವರ ಲೆಕ್ಕ ತಪ್ಪೇನಲ್ಲ. ಮೂರನೇ ವರ್ಷಕ್ಕೆ ಬರುವ ಸಂಬಳ ನೋಡಿ ಹೇಳಿ ಅಂದೆ.

ನಾನು ಸೇರಿದಾಗ ಫೀಸು 90,000 ರೂಪಾಯಿ, ಮೇಲೆ ಜಿಎಸ್‌ಟಿ ಸೇರಿ 1,06,200. ಊಟ, ರೂಮು ಬೇರೆ. ಬೆಂಗಳೂರಿನಲ್ಲಿ ಆರು ತಿಂಗಳು ಸಂಬಳವಿಲ್ಲದೆ ಇರೋಕೆ ಫೀಸಿಗಿಂತ ಜಾಸ್ತಿ ದುಡ್ಡು ಬೇಕಾಗಬಹುದು, ಅದನ್ನು ಮೊದಲೇ ಕೂಡಿಡಿ. ಬಸ್ ಸ್ಟ್ಯಾಂಡ್ ಗೋಡೆಯ ಮೇಲೆ "ನೂರಕ್ಕೆ ನೂರು ಜಾಬ್" ಅಂತ ಬರೆಸುವ ಇನ್‌ಸ್ಟಿಟ್ಯೂಟ್‌ಗಳ ಎದುರು ನನಗೆ ಇದೇ ವಾಸಿ ಅನ್ನಿಸಿತು. ಪ್ರವೇಶ ಪರೀಕ್ಷೆ ಇರುವ ಕಡೆ ಪಕ್ಕದಲ್ಲಿ ಕೂರುವವರೂ ಗಟ್ಟಿ ಇರುತ್ತಾರೆ. ನಾನು ಅರ್ಧ ಕಲಿತದ್ದು ಅವರಿಂದ.

ಸೇರಬೇಕಾ ಬೇಡವಾ ಅನ್ನುವವರು ಕಂಪ್ಯೂಟರ್ ಮುಚ್ಚಿಟ್ಟು, ಒಂದು ಲಿಂಕ್ಡ್ ಲಿಸ್ಟ್ (ಒಂದಕ್ಕೊಂದು ಕೊಂಡಿ ಹಾಕಿದ ಡೇಟಾದ ಸರಪಳಿ) ಹಿಂದುಮುಂದಾಗಿ ತಿರುಗಿಸುವ ಸಿ ಪ್ರೋಗ್ರಾಮನ್ನು ಬಿಳಿ ಹಾಳೆಯ ಮೇಲೆ ಬರೆದು ನೋಡಿ. ಬಂದರೆ ಅರ್ಜಿ ಹಾಕಿ. ಬರದಿದ್ದರೆ ಮೂರ್ನಾಲ್ಕು ತಿಂಗಳು ಕೆಲಸದಲ್ಲೇ ಇದ್ದು ಕಲಿಯಿರಿ, ಸಂಬಳ ಬಿಡಬೇಡಿ. ವರ್ಷಕ್ಕೆ ಎರಡು ಬ್ಯಾಚ್ ಇವೆ, ಮುಂದಿನದಕ್ಕೆ ಹಾಕಬಹುದು.